ಮಾತು ಕೇಳದ ಮಗ

ಇಸ್ತ್ರಿಯಮ್ಮನ ಬಾಯಿಗೆ ಬೀಳದೆ ಆ ಬೀದಿಯಲ್ಲಿ ದೊಡ್ಡವರಾದವರು ಯಾರೂ ಇಲ್ಲ. ಅಂಗಿಯ ಜೇಬಿನಲ್ಲಿ ಪೆನ್ನು ಮರೆತು ಕೊಟ್ಟರೆ ಬೈಗುಳ, ಸಂಜೆಗೆ ಬೇಕೆಂದು ಮಧ್ಯಾಹ್ನ ಬಟ್ಟೆ ತಂದರೆ ಬೈಗುಳ, ಇಸ್ತ್ರಿಯಾದದ್ದನ್ನು ವಾರಗಟ್ಟಲೆ ಒಯ್ಯದಿದ್ದರೆ ಇನ್ನೂ ದೊಡ್ಡ ಬೈಗುಳ. "ನಿನ್ನ ಪ್ಯಾಂಟಿಗೆ ನಾನೇನು ಇಲ್ಲಿ ಬಾಡಿಗೆ ಮನೆ ಕೊಟ್ಟಿದೀನೇನೋ ಮುಂಡೇದೆ?" ಹೊಸಬರು ಬೆಚ್ಚಿಬೀಳುತ್ತಿದ್ದರು. ಹಳಬರು ನಗುತ್ತಿದ್ದರು. ಹಳಬರಿಗೆ ಒಂದು ವಿಷಯ ಗೊತ್ತಿತ್ತು. ಆಕೆ ಬೈದಳೆಂದರೆ ಅವನು ಮನೆಯವನು. "ಬನ್ನಿ ಸ್ವಾಮಿ, ಕೂತ್ಕೊಳ್ಳಿ" ಎಂದು ಮರ್ಯಾದೆ ಕೊಟ್ಟಳೆಂದರೆ ಆ ಮನುಷ್ಯನನ್ನು ಕಂಡರೆ ಆಕೆಗೆ ಆಗದು ಎಂದೇ ಅರ್ಥ.

ಅಂಗಡಿ ಎಂದರೆ ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಜಾಗ. ಒಂದು ಕಡೆ ಬೀಗ ರಿಪೇರಿಯವನು, ಇನ್ನೊಂದು ಕಡೆ ಔಷಧಿ ಅಂಗಡಿ. ನಡುವೆ ಉದ್ದನೆಯ ಮೇಜು, ಅದರ ಮೇಲೆ ಮಡಚಿ ಹಾಸಿದ ಹಳೆಯ ಕಂಬಳಿ, ಕಂಬಳಿಯ ಮೇಲೆ ಅಲ್ಲಲ್ಲಿ ಸುಟ್ಟ ಕಂದು ಗುರುತು. ಮೇಲಿನ ತಂತಿಯಲ್ಲಿ ಅಂಗಿಗಳು ಸಾಲಾಗಿ ನೇತಾಡುತ್ತಿದ್ದವು. ಆಕೆಯ ಬಲ ಮುಂಗೈಯಲ್ಲೂ ಸುಟ್ಟ ಗುರುತುಗಳಿದ್ದವು, ಹೊಸದು ಯಾವುದು ಹಳೆಯದು ಯಾವುದು ಎಂದು ಆಕೆಗೇ ತಿಳಿಯುತ್ತಿರಲಿಲ್ಲ. ಗೋದಾಮಿನಲ್ಲಿ ಮೂಟೆ ತೂಗುತ್ತಿದ್ದ ಗಂಡ ಜ್ವರ ಬಂದು ಹೋಗಿಬಿಟ್ಟಾಗ ಮಗ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ. ಅವತ್ತಿನಿಂದ ಆಕೆ ಊರಿನವರ ಸುಕ್ಕು ತೆಗೆಯುತ್ತಲೇ ಬಂದಳು.

ಮಕ್ಕಳನ್ನು ಹೊಗಳುವ ಪದ್ಧತಿ ಅವರ ಮನೆತನದಲ್ಲೇ ಇರಲಿಲ್ಲ. ಆಕೆಯ ತಾಯಿ ಹೊಗಳಿರಲಿಲ್ಲ, ತಾಯಿಯ ತಾಯಿಯೂ ಹೊಗಳಿರಲಿಕ್ಕಿಲ್ಲ. ಹೆತ್ತವರೇ ಹೊಗಳಿದರೆ ಮಕ್ಕಳು ಕೆಟ್ಟುಹೋಗುತ್ತಾರೆ, ಬೇರೆಯವರು ಹೊಗಳಿದಾಗ ಸುಮ್ಮನಿದ್ದರೆ ಕಣ್ಣು ಬೀಳುತ್ತದೆ ಎಂದು ಬಲವಾದ ನಂಬಿಕೆ. ಹಾಗಾಗಿ ಯಾರಾದರೂ "ನಿಮ್ಮ ಮಗ ಎಷ್ಟು ಚೂಟಿ" ಎಂದರೆ ತಟ್ಟನೆ ಅಲ್ಲಗಳೆಯಬೇಕು. "ಚೂಟಿಯಂತೆ ಚೂಟಿ! ದಂಡಪಿಂಡ, ತಿಂದಿದ್ದು ಮೈಗೆ ಹತ್ತಲ್ಲ, ಹೇಳಿದ್ದು ತಲೆಗೆ ಹತ್ತಲ್ಲ." ಇದನ್ನು ಹೇಳುವಾಗ ಆಕೆಯ ಕೈ ಮಗನ ಅಂಗಿಯ ಕಾಲರಿನ ಮೇಲೆ ಎರಡನೇ ಸಲ ಇಸ್ತ್ರಿ ಆಡಿಸುತ್ತಿರುತ್ತಿತ್ತು. ದುಡ್ಡು ಕೊಡುವ ಗಿರಾಕಿಯ ಅಂಗಿಗೂ ಆ ಭಾಗ್ಯ ಇರಲಿಲ್ಲ.

ಆ ಮಗ ದೊಡ್ಡವನಾಗಿ ಬಣ್ಣದ ಕೆಲಸಕ್ಕೆ ಸೇರಿದ. ಮನೆಯೊಳಗಿನ ಗೋಡೆಯಲ್ಲ, ಎತ್ತರದ ಕಟ್ಟಡಗಳ ಹೊರಗೋಡೆ. ತಾರಸಿಯಿಂದ ಒಂದು ಕಬ್ಬಿಣದ ತೊಲೆಯನ್ನು ಹೊರಕ್ಕೆ ಚಾಚಿ, ಅದು ಮಗುಚದಂತೆ ಹಿಂತುದಿಯ ಮೇಲೆ ಮರಳುಚೀಲ ಹೇರಿ, ಮುಂತುದಿಯಿಂದ ಹಗ್ಗದಲ್ಲಿ ಹಲಗೆ ಇಳಿಬಿಡುತ್ತಾರೆ. ಆ ತೂಗುಹಲಗೆಯ ಮೇಲೆ ಕೂತು ಆಕಾಶದಲ್ಲಿ ಬಣ್ಣ ಬಳಿಯಬೇಕು. ಜೊತೆಗಾರರು ಅವನಿಗೆ 'ತಡಿಯಪ್ಪ' ಎಂದು ಹೆಸರಿಟ್ಟಿದ್ದರು. ಯಾರು ಏನೇ ಅವಸರ ಮಾಡಿದರೂ "ತಡಿಯಪ್ಪಾ, ಒಂದ್ಸಲ ನೋಡ್ಬಿಡ್ತೀನಿ" ಎನ್ನುವುದು ಅವನ ಚಾಳಿ. ಮದುವೆಯಾಯಿತು, ಹೆಣ್ಣುಮಗು ಹುಟ್ಟಿತು, ಚಾಳಿ ಮಾತ್ರ ಬಿಡಲಿಲ್ಲ.

ಒಂದು ಮಧ್ಯಾಹ್ನ ಅವನ ಜೊತೆ ಕೆಲಸ ಮಾಡುತ್ತಿದ್ದ ಪೇಂಟರ್ ತಲೆಗೂದಲಲ್ಲಿ ಬಿಳಿ ಬಣ್ಣ ಮೆತ್ತಿಕೊಂಡೇ ಓಡಿಬಂದು ಅಂಗಡಿಯ ಮುಂದೆ ನಿಂತ.

"ಅಮ್ಮಾ, ಅಂಗಡಿ ಮುಚ್ಚಿ ಬನ್ನಿ."

"ಹಾಡುಹಗಲಲ್ಲಿ ಯಾಕೋ ಮುಚ್ಚಲಿ? ನಿಮಗೆ ಮಾಡೋಕೆ ಕೆಲಸ ಇಲ್ಲ ಅಂತ ನನಗೂ ಇಲ್ವಾ?"

ಯಾವಾಗಲೂ ಹಲ್ಲು ಕಿರಿಯುತ್ತಿದ್ದವನು ಅವತ್ತು ನಗಲಿಲ್ಲ. ಇಸ್ತ್ರಿಯಮ್ಮ ಹಾಗೇ ಅವನ ಹಿಂದೆ ಹೊರಟಳು. ಸ್ವಿಚ್ಚು ಆರಿಸಿದಳೋ ಇಲ್ಲವೋ ಗೊತ್ತಿಲ್ಲ, ಬೀಗ ರಿಪೇರಿಯವನು ಆಮೇಲೆ ಬಂದು ಆರಿಸಿದನಂತೆ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮಗ ಇರಲಿಲ್ಲ.

ನಡೆದದ್ದು ಇಷ್ಟು. ಅವನು ಹಲಗೆಯ ಮೇಲೆ ಕೆಳಗಿಳಿದ ಮೇಲೆ ತಾರಸಿಯಲ್ಲಿ ಗಾಳಿಗೆ ಪ್ಲಾಸ್ಟಿಕ್ ಹೊದಿಕೆ ಹಾರತೊಡಗಿತು. ಅದನ್ನು ಅದುಮಲು ಭಾರ ಬೇಕಿತ್ತು. ಮೇಸ್ತ್ರಿ ಹೇಳಿದನೆಂದು ಯಾರೋ ತೊಲೆಯ ಮೇಲಿನ ಮರಳುಚೀಲಗಳನ್ನೇ ಎತ್ತಿ ಅಲ್ಲಿಗೆ ಹಾಕಿದರು. ತೊಲೆ ಮಗುಚಿತು. ತೊಲೆ, ಹಲಗೆ, ಬಣ್ಣದ ಡಬ್ಬಿ, ಮನುಷ್ಯ, ಎಲ್ಲ ಒಟ್ಟಿಗೆ ಬಿದ್ದವು. ಅವನ ಸೊಂಟದಲ್ಲಿ ಬೆಲ್ಟಿತ್ತು. ಆದರೆ ಬೆಲ್ಟಿನ ಹಗ್ಗ ಅದೇ ತೊಲೆಗೆ ಕಟ್ಟಿತ್ತು.

ಇದನ್ನೆಲ್ಲ ಆ ಪೇಂಟರ್ ಕಣ್ಣಾರೆ ಕಂಡಿದ್ದ. ಆದರೆ ಬಣ್ಣದ ಗುತ್ತಿಗೆ ಹಿಡಿದಿದ್ದ ಕಂಪನಿಯವರು ಬೇರೆಯೇ ಕಥೆ ಕಟ್ಟಿದರು. ಚೀಲ ಯಾರೂ ತೆಗೆದಿಲ್ಲ, ತೊಲೆಯನ್ನು ಅವನೇ ಸರಿಯಾಗಿ ನಿಲ್ಲಿಸಿರಲಿಲ್ಲ. ಬೆಲ್ಟಿನ ಹಗ್ಗವನ್ನು ನೀರಿನ ಟ್ಯಾಂಕಿನ ಕಂಬಕ್ಕೆ ಕಟ್ಟು ಎಂದು ಮೇಸ್ತ್ರಿ ಎಷ್ಟು ಹೇಳಿದರೂ ಕೇಳಲಿಲ್ಲ, ಭಂಡ ಧೈರ್ಯದವನು, ಹೇಳಿದ ಮಾತು ಕೇಳದೆ ಸತ್ತ.

ಸೊಸೆ ದಾವೆ ಹೂಡಿದಳು. ಆಕೆಗೆ ಒಬ್ಬ ಲಾಯರಮ್ಮನನ್ನು ತೋರಿಸಿದ್ದು ಔಷಧಿ ಅಂಗಡಿಯವನು. ಲಾಯರಮ್ಮ ದಪ್ಪ ಕನ್ನಡಕದ, ನಿಧಾನ ಮಾತಿನ ಹೆಂಗಸು, ಬಾಯಲ್ಲಿ ಸದಾ ಒಂದು ಪೆಪ್ಪರ್‌ಮಿಂಟು. ಮೊದಲ ದಿನವೇ ಅತ್ತೆ ಸೊಸೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದಳು.

"ಮನುಷ್ಯ ಸತ್ತ ಅನ್ನೋದನ್ನ ಯಾರೂ ಇಲ್ಲ ಅನ್ನಲ್ಲ. ಪ್ರಶ್ನೆ ಇರೋದು ಯಾರ ನಿರ್ಲಕ್ಷ್ಯದಿಂದ ಸತ್ತ ಅಂತ. ಕೆಲಸಕ್ಕೆ ಕರೆದವರಿಗೆ ಆಳಿನ ಜೀವ ಕಾಯೋ ಹೊಣೆ ಇದೆ. ಆ ಹೊಣೆ ಅವರು ನೋಡ್ಕೊಳ್ಳಲಿಲ್ಲ, ಅದರಿಂದಲೇ ಸಾವಾಯ್ತು ಅಂತ ನಾವು ತೋರಿಸಬೇಕು. ಅವರೇನ್ಮಾಡ್ತಾರೆ ಅಂದ್ರೆ ಸತ್ತವನ ಮೇಲೇ ತಪ್ಪು ಹೊರಿಸ್ತಾರೆ. ಅವನದೂ ಪಾಲಿದೆ ಅಂತ ಕೋರ್ಟು ಒಪ್ಪಿದ್ರೆ ಪರಿಹಾರ ಅಷ್ಟು ಕಮ್ಮಿ. ಪೂರ್ತಿ ಅವನದೇ ಅಂತಾದ್ರೆ ಏನೂ ಇಲ್ಲ. ಸತ್ತವನು ಎದ್ದು ಬಂದು ಉತ್ತರ ಕೊಡೋ ಹಾಗಿಲ್ಲವಲ್ಲ."

ಆಗ ಸೊಸೆ ಹೇಳಿದ ಮಾತನ್ನು ಇಸ್ತ್ರಿಯಮ್ಮ ಮರೆಯಲಿಲ್ಲ. "ದುಡ್ಡು ಎಷ್ಟಾದ್ರೂ ಬರಲಿ ಮೇಡಂ. ನಾಳೆ ನನ್ನ ಮಗಳು ದೊಡ್ಡವಳಾದಾಗ ನಿಮ್ಮಪ್ಪ ತನ್ನ ತಪ್ಪಿಂದ ಸತ್ತ ಅಂತ ಕೋರ್ಟೇ ಹೇಳಿದೆ ಅಂತ ಯಾರೂ ಅವಳಿಗೆ ಅನ್ನಬಾರದು."

ಇಸ್ತ್ರಿಯಮ್ಮನಿಗೆ ಆಗ ಏನೋ ಹೇಳಬೇಕೆನಿಸಿತು. ಆದರೆ ಎಲ್ಲರನ್ನೂ ಬೈಯುವ ಆಕೆಗೆ ಸೊಸೆಯ ಮುಂದೆ ಮಾತ್ರ ಬಾಯಿ ಓಡುತ್ತಿರಲಿಲ್ಲ. ಬೇರೆ ಮನೆಯಿಂದ ಬಂದ ಮೆದು ಹುಡುಗಿ, ಜೋರಾಗಿ ಬಾಗಿಲು ಹಾಕಿದರೂ ಹೆದರುವವಳು. ಸುಮ್ಮನೆ ತಲೆ ಆಡಿಸಿದಳು.

ಕೇಸು ಎಂದರೆ ಹೋಗಿ ಕೂರುವುದು, ಮುಂದಕ್ಕೆ ಹೋಯಿತು ಎಂದು ಕೇಳುವುದು, ಎದ್ದು ಬರುವುದು. ಕೋರ್ಟಿನ ಹೊರಗಿನ ಬೆಂಚು ಇಸ್ತ್ರಿಯಮ್ಮನಿಗೆ ಅಂಗಡಿಯಷ್ಟೇ ಪರಿಚಯವಾಯಿತು. ಓಡಾಡುವ ವಕೀಲರ ಕೋಟು ನೋಡಿ "ಅವನ ತೋಳು ನೋಡು, ಯಾರು ಇಸ್ತ್ರಿ ಮಾಡಿದ್ದೋ, ಕೈ ಮುರಿಯ" ಎಂದು ಗೊಣಗುತ್ತಿದ್ದಳು. ಪೇಂಟರ್ ಬಂದು ಚೀಲ ತೆಗೆದದ್ದನ್ನು ಹೇಳಿದ. ಮೇಸ್ತ್ರಿ ಬಂದು ಹಾಗೇನೂ ಆಗಿಲ್ಲ ಎಂದು ಪ್ರಮಾಣ ಮಾಡಿ ಹೇಳಿದ. ಒಬ್ಬನ ಮಾತಿಗೆ ಇನ್ನೊಬ್ಬನ ಮಾತು, ಅಷ್ಟೇ. ಸೊಸೆಯ ಸಾಕ್ಷಿಯೂ ಮುಗಿಯಿತು. ಕೊನೆಗೆ ತಾಯಿಯ ಸರದಿ. ಮಗ ತನ್ನನ್ನು ಸಾಕುತ್ತಿದ್ದ, ಒಟ್ಟಿಗೇ ಇದ್ದೆವು ಎಂದು ಹೇಳಬೇಕಾದದ್ದು ಎರಡೇ ಮಾತು.

ಆ ಎರಡು ಮಾತು ಸರಿಯಾಗಿಯೇ ಆಯಿತು. ಆಮೇಲೆ ಕಂಪನಿಯ ವಕೀಲ ಎದ್ದುನಿಂತ. ಮುಖ ತುಂಬ ನಗು, ಮೃದುವಾದ ದನಿ. ಗುಡುಗುತ್ತಾನೆ ಎಂದು ಸಿದ್ಧವಾಗಿದ್ದ ಇಸ್ತ್ರಿಯಮ್ಮನಿಗೆ ಅವನು ಒಳ್ಳೆಯ ಮನೆಯ ಹುಡುಗನಂತೆ ಕಂಡ.

"ಅಮ್ಮಾ, ನಿಮ್ಮ ದುಃಖ ನನಗೆ ಅರ್ಥ ಆಗುತ್ತೆ. ನಿಮ್ಮ ಮಗನ ಬಗ್ಗೆ ಎಲ್ಲರೂ ಒಳ್ಳೇದೇ ಹೇಳ್ತಾರೆ. ಚಿನ್ನದಂಥ ಹುಡುಗನಂತೆ."

"ಅಯ್ಯೋ, ಚಿನ್ನ ಎಲ್ಲಿಂದ ಬಂತು ಸ್ವಾಮಿ."

"ತುಂಬ ವಿಧೇಯನಂತೆ. ಹೇಳಿದ ಮಾತು ಮೀರ್ತಿರಲಿಲ್ಲವಂತೆ."

"ಯಾರು ಹೇಳಿದ್ದು ಅದನ್ನ? ಹೇಳಿದ ಮಾತು ಒಂದು ದಿನ ಕೇಳಿದವನಲ್ಲ. ಹುಟ್ಟಾ ಹಠಮಾರಿ. ಹೆತ್ತ ನನ್ನ ಮಾತೇ ಕೇಳ್ತಿರಲಿಲ್ಲ, ಇನ್ನು ಬೇರೆಯವರದ್ದು ಕೇಳ್ತಾನಾ?"

ವಕೀಲ ತಲೆಬಾಗಿ "ಇಷ್ಟು ಸಾಕು" ಎಂದು ಕೂತ. ನ್ಯಾಯಾಧೀಶರು ಆಕೆಯ ಮಾತನ್ನು ಒಂದೊಂದಾಗಿ ಹೇಳಿ ಬರೆಸಿದರು, ಟೈಪಿಸ್ಟಿನ ಬೆರಳುಗಳು ಟಕಟಕ ಆಡಿದವು. ಸಾಕ್ಷಿಕಟ್ಟೆಯಲ್ಲಿ ನಿಂತ ಇಸ್ತ್ರಿಯಮ್ಮನಿಗೆ ತಾನು ಮರ್ಯಾದಸ್ಥರು ಹೇಳುವ ಹಾಗೆಯೇ ಹೇಳಿದೆ ಎಂಬ ಸಮಾಧಾನ. ಆ ವಕೀಲನಿಗೂ ಮನೆಯಲ್ಲಿ ಅಂಥದೇ ಒಬ್ಬ ತಾಯಿ ಇದ್ದಿರಬೇಕು, ಇಲ್ಲದಿದ್ದರೆ ಯಾವ ಗುಂಡಿ ಒತ್ತಿದರೆ ಯಾವ ದೀಪ ಹತ್ತುತ್ತದೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಹಿಂದಿನ ಬೆಂಚಿನಲ್ಲಿ ಸೊಸೆಯ ಮುಖ ಬಿಳಿಚಿಕೊಂಡದ್ದನ್ನು ಕಂಡ ಮೇಲಷ್ಟೇ ಇಸ್ತ್ರಿಯಮ್ಮನಿಗೆ ಏನೋ ಎಡವಟ್ಟಾಗಿದೆ ಎಂದು ಹೊಳೆಯಿತು.

ಲಾಯರಮ್ಮ ಎದ್ದು, ಈ ಸಾಕ್ಷಿಗೆ ತಾನು ಮರುಪ್ರಶ್ನೆ ಕೇಳಬೇಕು ಎಂದಳು. ಹೊತ್ತಾಗಿತ್ತು. ಮುಂದಿನ ತಾರೀಖಿಗೆ ಎಂದರು ನ್ಯಾಯಾಧೀಶರು.

ಬಸ್ಸಿನಲ್ಲಿ ಸೊಸೆ ಪಕ್ಕದಲ್ಲಿ ಕೂರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗ ತಿರುಗಿ ನೋಡಿ, ಜೋರಾಗಿ ಕೂಡ ಅಲ್ಲ, ಮೆಲ್ಲಗೇ ಹೇಳಿದಳು.

"ಮೇಸ್ತ್ರಿ ಹೇಳಿದ ಸುಳ್ಳನ್ನ ನೀವು ನಿಜ ಮಾಡಿಬಿಟ್ರಿ ಅತ್ತೆ. ಅವರು ಇದ್ದಾಗಲೂ ನಿಮ್ಮ ಬಾಯಲ್ಲಿ ಒಂದು ಒಳ್ಳೇ ಮಾತು ಕೇಳಲಿಲ್ಲ, ಸತ್ತ ಮೇಲಾದ್ರೂ ಹೇಳಬಹುದಿತ್ತು. ನಿಮಗೆ ಅವರು ಯಾವತ್ತೂ ಬೇಕಾಗೇ ಇರಲಿಲ್ಲ."

ಮಗ ಬೇಕಾಗಿರಲಿಲ್ಲವೇ! ಅವನಿಗೆ ಜ್ವರ ಬಂದ ದಿನ ಇಸ್ತ್ರಿಪೆಟ್ಟಿಗೆ ಮುಟ್ಟದೆ ಕೂತವಳು ಯಾರು? ಅವನು ಕೆಲಸದಿಂದ ಬರುವ ಹೊತ್ತಿಗೆ ಬೀದಿಯ ತಿರುವನ್ನೇ ನೋಡುತ್ತ ಎಷ್ಟು ಅಂಗಿ ಸುಟ್ಟಿದ್ದಾಳೆ! ಆದರೆ ಇದನ್ನು ಹೇಳಲು ಬೇಕಾದ ಮಾತು ಆಕೆಯ ಬಳಿ ಇರಲಿಲ್ಲ. ಅಂಥ ಮಾತನ್ನು ಆಕೆಗೆ ಯಾರೂ ಕಲಿಸಿರಲಿಲ್ಲ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಅತ್ತೆ ಸೊಸೆಯರ ನಡುವೆ ಮೊಮ್ಮಗಳೇ ಅಂಚೆ. "ಅಜ್ಜಿ, ಊಟಕ್ಕೆ ಬರಬೇಕಂತೆ." "ನಿಮ್ಮಮ್ಮನಿಗೆ ಹೇಳು, ಹಸಿವಿಲ್ಲ." ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಇಸ್ತ್ರಿಯಮ್ಮ ಅಭ್ಯಾಸ ಮಾಡತೊಡಗಿದಳು. ಮುಂದಿನ ಸಲ ನೆಟ್ಟಗೆ ಹೇಳಿಬಿಡಬೇಕು. "ನನ್ನ ಮಗ..." ಎಂದು ಶುರುಮಾಡುವಳು, "ನನ್ನ ಮಗ ಒ..." ಎಂದು ಬರುವಷ್ಟರಲ್ಲಿ ನಾಲಗೆ ಹೊರಳದು. ಒಂದು ಸಲ ಹೀಗೆ ತೊಳಲಾಡುತ್ತಿರುವಾಗಲೇ ಶಾಲೆಯ ಮಾಸ್ತರ ಅಂಗಿಯ ಬೆನ್ನು ಸುಟ್ಟು ಹೊಗೆಯೆದ್ದಿತು. ಮಾಸ್ತರು ಬಂದು ಅಂಗಿ ನೋಡಿದರು, ಆಕೆಯ ಮುಖ ನೋಡಿದರು, ಕೋಟಿನೊಳಗೆ ಹಾಕಿಕೊಂಡರೆ ಕಾಣುವುದಿಲ್ಲ ಬಿಡಿ ಎಂದು ಒಯ್ದರು.

ಲಾಯರಮ್ಮ ಒಂದು ಸಂಜೆ ತನ್ನ ಕಪ್ಪು ಕೋಟು ಹಿಡಿದುಕೊಂಡು ಅಂಗಡಿಗೇ ಬಂದಳು. ಇಸ್ತ್ರಿಯಮ್ಮ ಕೈಯೊರೆಸಿಕೊಂಡು ಎದ್ದುನಿಂತಳು.

"ಮೇಡಂ, ಏನು ಹೇಳಬೇಕು ಹೇಳಿಕೊಟ್ಟುಬಿಡಿ. ಬಾಯಿಪಾಠ ಮಾಡ್ತೀನಿ."

"ಹೇಳಿಕೊಡೋ ಹಾಗಿಲ್ಲಮ್ಮ. ಅದು ತಪ್ಪು. ಹೇಳಿಕೊಟ್ಟಿದ್ದು ಅಲ್ಲಿ ನಿಲ್ಲೋದೂ ಇಲ್ಲ. ಕೋಟಿಗೆ ಇಸ್ತ್ರಿ ಹಾಕಿ, ಕೂತಿರ್ತೀನಿ."

ಲಾಯರಮ್ಮ ಸ್ಟೂಲಿನ ಮೇಲೆ ಕೂತು ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡಳು. ಅಷ್ಟರಲ್ಲಿ ಮೊಮ್ಮಗಳು ಶಾಲೆಯಿಂದ ಬಂದಳು. ಔಷಧಿ ಅಂಗಡಿಗೆ ಬಂದಿದ್ದ ಹೆಂಗಸೊಬ್ಬಳು "ಎಷ್ಟು ಮುದ್ದಾಗಿದೆ ಮಗು" ಎಂದಳು. ಹೇಳಿದ್ದೇ ತಡ, ಇಸ್ತ್ರಿಯಮ್ಮ ಶುರುಮಾಡಿದಳು. "ಮುದ್ದಂತೆ! ಒಂದು ಲೋಟ ನೀರು ತಾ ಅಂದ್ರೆ ಅರ್ಧ ಚೆಲ್ಲಿಕೊಂಡು ಬರುತ್ತೆ. ಹೋಮ್‌ವರ್ಕು ಅಂದ್ರೆ ಹೊಟ್ಟೆನೋವು. ಎಲ್ಲಿತ್ತೋ ಈ ಶನಿ, ನಮ್ಮ ಮನೇಗೇ ಬಂದು ವಕ್ಕರಿಸಿದೆ." ಬಾಯಿ ಇದನ್ನು ಹೇಳುತ್ತಿರುವಾಗ ಕೈ ಮಗುವಿನ ಒದ್ದೆ ಕಾಲುಚೀಲ ಕಳಚಿ, ಬಿಸಿ ಕಂಬಳಿಯ ತುದಿಯಲ್ಲಿ ಆ ಪುಟ್ಟ ಪಾದಗಳನ್ನು ಸುತ್ತಿ ಇಡುತ್ತಿತ್ತು. ಮಗು ಬೈಗುಳಕ್ಕೆ ಕಿವಿಯನ್ನೂ ಕೊಡದೆ ಅಜ್ಜಿಯ ಹೊಟ್ಟೆಗೆ ತಲೆಯಾನಿಸಿ ಬಿಸ್ಕತ್ತು ತಿನ್ನುತ್ತಿತ್ತು.

ಲಾಯರಮ್ಮ ಪೆಪ್ಪರ್‌ಮಿಂಟು ಚೀಪುವುದನ್ನು ನಿಲ್ಲಿಸಿ ಎರಡನ್ನೂ ನೋಡಿದಳು, ಆ ಬಾಯನ್ನು, ಆ ಕೈಯನ್ನು.

"ಅಮ್ಮಾ, ಆವತ್ತು ನಾನು ಒಂದೇ ಪ್ರಶ್ನೆ ಕೇಳ್ತೀನಿ. ಕೋರ್ಟು ಅಂತ ಹೆದರಬೇಡಿ. ಇಲ್ಲಿ ಹೇಗೆ ಮಾತಾಡ್ತೀರೋ ಹಾಗೇ ಮಾತಾಡಿ. ನಿಜ ಏನಿದೆಯೋ ಅದು."

"ಇಲ್ಲಿಯ ಹಾಗೆ ಮಾತಾಡಿದ್ದಕ್ಕೇ ಅಲ್ವಾ ಮೇಡಂ ಎಲ್ಲ ಹಾಳಾಗಿದ್ದು?"

"ಇಲ್ಲ. ಅಲ್ಲಿ ನಿಮ್ಮನ್ನ ಅರ್ಧಕ್ಕೇ ನಿಲ್ಲಿಸಿದ್ರು."

ತಾರೀಖು ಬಂತು. ಇಸ್ತ್ರಿಯಮ್ಮ ಮತ್ತೆ ಸಾಕ್ಷಿಕಟ್ಟೆ ಹತ್ತಿದಳು. ಇವತ್ತು ತಪ್ಪಿದರೆ ಮೊಮ್ಮಗಳು ಜೀವಮಾನವಿಡೀ ಹೊರಬೇಕಾದ ಮಾತು ಕೋರ್ಟಿನಲ್ಲಿ ಉಳಿದುಹೋಗುತ್ತದೆ ಎಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಸೊಸೆ ಹಿಂದಿನ ಬೆಂಚಿನ ತುದಿಯಲ್ಲಿ ತಲೆತಗ್ಗಿಸಿ ಕೂತಿದ್ದಳು. ಕಂಪನಿಯ ವಕೀಲ ಪಕ್ಕದವನ ಜೊತೆ ಏನೋ ಹರಟುತ್ತಿದ್ದ, ಅವನ ಪಾಲಿಗೆ ಇದು ಮುಗಿದ ಕೆಲಸ.

ಲಾಯರಮ್ಮ ಎದ್ದಳು. "ನಿಮ್ಮ ಮಗ ಹೇಳಿದ ಮಾತು ಕೇಳ್ತಿರಲಿಲ್ಲ ಅಂದ್ರಿ. ನೀವು ಹೇಳಿದ ಯಾವ ಮಾತು ಅವನು ಕೇಳಲಿಲ್ಲ?"

ಇಸ್ತ್ರಿಯಮ್ಮ ತಬ್ಬಿಬ್ಬಾದಳು. ಮನಸ್ಸಿನಲ್ಲಿ ಹೊತ್ತು ತಂದಿದ್ದ 'ಒಳ್ಳೆಯವನು' ಎಂಬ ಮಾತಿಗೆ ಈ ಪ್ರಶ್ನೆಯಲ್ಲಿ ಜಾಗವೇ ಇರಲಿಲ್ಲ.

"ಯಾವ ಮಾತು ಅಂದ್ರೆ... ಒಂದಾ ಎರಡಾ ಸ್ವಾಮಿ?"

"ನೆನಪಿರೋದು ಹೇಳಿ."

"ಮನೇಲಿ ಬಲ್ಬು ಹಾಕು ಅಂತೀನಿ. ಒಂದು ಬಲ್ಬು! ಸ್ಟೂಲು ಹತ್ತಿ ತಿರುಗಿಸಿದ್ರೆ ಮುಗೀತು. ಇವನು ಹೋಗಿ ಮೇನ್ ಸ್ವಿಚ್ಚು ಆರಿಸಿ ಬರ್ತಾನೆ. ಆಮೇಲೆ ಸ್ಟೂಲಿನ ಕಾಲು ಅಲ್ಲಾಡಿಸಿ ನೋಡ್ತಾನೆ. ಆಮೇಲೆ ನನ್ನನ್ನ ಕರೆದು ಸ್ಟೂಲು ಹಿಡ್ಕೋ ಅಂತಾನೆ. ಏನೋ ಇದು, ಬಲ್ಬು ಹಾಕ್ತಿದೀಯಾ ಬೆಟ್ಟ ಹತ್ತುತಿದೀಯಾ ಅಂದ್ರೆ ಕೇಳಬೇಕಲ್ಲ? ಕೇಳಲ್ಲ! 'ತಡಿಯಮ್ಮಾ' ಅಂತಾನೆ."

ಯಾರೋ ಕಿಸಕ್ಕೆಂದರು. ಇಸ್ತ್ರಿಯಮ್ಮನಿಗೆ ಅದು ಕೇಳಿಸಲಿಲ್ಲ. ಬಾಯಿ ಹದಕ್ಕೆ ಬಂದಿತ್ತು.

"ರಸ್ತೆ ದಾಟೋಕೆ ನಿಂತ ಅಂದ್ರೆ ಊರಿನ ಗಾಡಿಯೆಲ್ಲ ಮನೆ ಸೇರಬೇಕು, ಆಮೇಲೆ ಇವನು ದಾಟಬೇಕು. ಮಗೂನ ಎತ್ತಿ ಆಡಿಸು ಅಂದ್ರೆ ಮೇಲೆ ಹಾರಿಸಲ್ಲ, ಕೈ ತಪ್ಪಿದ್ರೆ ಅಂತ. ಎಂಥ ಪುಕ್ಕಲ ಅಂತ ನನಗೇ ನಾಚಿಕೆ ಆಗ್ತಿತ್ತು ಸ್ವಾಮಿ. ಇಂಥವನು ಯಾಕಾದ್ರೂ ಈ ಕೆಲಸಕ್ಕೆ ಹೋದನೋ ಅಂತೀನಿ. ಜೊತೆಯವರು ಟೀ ಕುಡಿದು ಮುಗಿಸಿರ್ತಾರೆ, ಇವನಿನ್ನೂ ತಾರಸಿ ಮೇಲೆ ಚೀಲ ಮುಟ್ಟಿ ಮುಟ್ಟಿ ನೋಡ್ತಿರ್ತಾನಂತೆ. ಆ ಹುಡುಗರೇ ಬಂದು ನನ್ನ ಹತ್ರ ದೂರು ಹೇಳ್ತಿದ್ರು, ನಿಮ್ಮ ಮಗನಿಂದ ನಮಗೆಲ್ಲ ತಡ ಆಗುತ್ತೆ ಅಂತ."

ಕಂಪನಿಯ ವಕೀಲನ ಹರಟೆ ನಿಂತಿತ್ತು. ಅವನು ಧಡಕ್ಕನೆ ಎದ್ದ. "ಸ್ವಾಮಿ, ಇದಕ್ಕೂ ಕೇಸಿಗೂ ಏನು ಸಂಬಂಧ?"

"ಕೇಳದ ಮಾತು ಯಾವುದು ಅಂತ ಆಕೆ ಹೇಳ್ತಿದ್ದಾರೆ. ಆ ಮಾತನ್ನ ಬರೆಸಿದ್ದು ನೀವೇ ಅಲ್ವಾ?" ಎಂದರು ನ್ಯಾಯಾಧೀಶರು. "ಕೂತ್ಕೊಳ್ಳಿ. ನೀವು ಹೇಳಿ ಅಮ್ಮಾ."

"ಹಗ್ಗದ ರಾಮಾಯಣ ಅಂತೂ ಕೇಳೋದೇ ಬೇಡ. ಊಟಕ್ಕೆ ಕೂತ ಅಂದ್ರೆ ಅದೇ. ಕಂಬಕ್ಕೆ ಕಟ್ಟೋಕೆ ಹಗ್ಗ ಸಾಲಲ್ಲಮ್ಮಾ, ಉದ್ದದ್ದು ಕೇಳಿದೀನಿ, ಮೇಸ್ತ್ರಿ ನಾಳೆ ನಾಳೆ ಅಂತಾನೆ. ನಾನು ಹೇಳ್ದೆ, ದಿನಾ ಹೀಗೆ ಪೀಡಿಸಿದ್ರೆ ಕೆಲಸದಿಂದ ತೆಗೀತಾರೆ, ತೆಪ್ಪಗಿರು ಅಂತ. ಕೇಳಿದ್ನಾ? ಮಾರನೇ ದಿನ ಮತ್ತೆ ಕೇಳ್ಕೊಂಡು ಬಂದ. ಅದರ ಮಾರನೇ ದಿನ ಮತ್ತೆ. ಅವನು ಬೈದ್ರೆ ಬೈಸ್ಕೊಂಡು ಬರ್ತಾನೆ, ಮತ್ತೆ ಹೋಗಿ ಕೇಳ್ತಾನೆ. ಹಠಮಾರಿ ಅನ್ನದೆ ಏನನ್ನಲಿ ಸ್ವಾಮಿ ಇಂಥವನಿಗೆ? ಎಲ್ಲರೂ ಹೋಗ್ತಾರಲ್ಲೋ ಹಾಗೇ ಹೋಗಿ ಬಾರೋ ಅಂತ ನಾನು ಬಡ್ಕೊಂಡೆ. ಹೆದರಬೇಡ ಅಂದೆ. ಅಷ್ಟು ಹೆದರಬೇಡ್ವೋ ಅಂದೆ..."

ಅಲ್ಲಿಗೆ ಮಾತು ನಿಂತುಹೋಯಿತು. ತಾನು ಏನು ಹೇಳುತ್ತಿದ್ದೇನೆ ಎಂದು ಆಕೆಗೇ ಆಗ ಕೇಳಿಸಿತು. ಹೆದರಿದ್ದು ಸರಿಯಾಗಿತ್ತು. ಅವನ ಒಂದೊಂದು ಹೆದರಿಕೆಯೂ ಸರಿಯಾಗಿತ್ತು, ಅದು ಹೆದರಿಕೆಯೂ ಆಗಿರಲಿಲ್ಲ, ಮನೆಗೆ ವಾಪಸು ಬರಬೇಕೆಂಬ ಆಸೆಯಾಗಿತ್ತು. ಎರಡೂ ಕೈಯಲ್ಲಿ ಕಟಕಟೆಯ ಅಂಚು ಹಿಡಿದುಕೊಂಡಳು.

ಹಿಂದಿನ ಬೆಂಚಿನಿಂದ ಒಂದು ಸದ್ದು ಬಂತು. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಬಲ್ಬಿನ ಕಥೆ ಬಂದಾಗಲೇ ಅವಳಿಗೆ ನಗು ತಡೆಯಲಾಗಿರಲಿಲ್ಲ, ಗಂಡ ಹೋದ ಮೇಲೆ ಮೊದಲ ಸಲ ನಕ್ಕಿದ್ದಳು. ಈಗ ಆ ನಗು ಅಳುವಾಗಿ ಹೆಗಲೆಲ್ಲ ಕುಲುಕುತ್ತಿತ್ತು.

ಕಂಪನಿಯ ವಕೀಲ ಕೊನೆಯ ಪ್ರಯತ್ನ ಮಾಡಿದ. "ಹಗ್ಗ ಸಾಲಲ್ಲ ಅಂತ ಗೊತ್ತಿದ್ದೂ ಹಲಗೆ ಮೇಲೆ ಯಾಕೆ ಕೂತ?"

ಇಸ್ತ್ರಿಯಮ್ಮ ಅವನನ್ನು ನೋಡಿದಳು. "ಬನ್ನಿ ಸ್ವಾಮಿ, ನೀವೇ ಹೇಳಿ. ಕೂರಲ್ಲ ಅಂದಿದ್ರೆ ನಿಮ್ಮ ಕಂಪನಿಯವರು ಮನೇಲಿ ಕೂರಿಸಿ ಸಂಬಳ ಕೊಡ್ತಿದ್ರಾ? ಚೀಲ ಇದ್ದಿದ್ರೆ ಆ ತೊಲೆ ಬೀಳ್ತಿತ್ತಾ?" ಅವನು ಕಡತ ಮಡಚಿ ಕೂತ.

ನ್ಯಾಯಾಧೀಶರು ಟೈಪಿಸ್ಟಿನ ಕಡೆ ತಿರುಗಿ ಬರೆಸತೊಡಗಿದರು. ಆಕೆಯ ಬಲ್ಬು, ಸ್ಟೂಲು, ರಸ್ತೆ, ಹಗ್ಗ ಎಲ್ಲವೂ ಅವರ ಬಾಯಲ್ಲಿ ಒಣಗಿದ ನಾಲ್ಕು ಸಾಲಾದವು. ಆಮೇಲೆ ಕೇಳಿದರು.

"ಒಟ್ಟಿನಲ್ಲಿ ನಿಮ್ಮ ಮಗ ಎಚ್ಚರಿಕೆಯ ಮನುಷ್ಯ ಅಂತ ತಾನೆ ನೀವು ಹೇಳೋದು? ಹೌದಾ, ಅಲ್ವಾ? ನೀವೇ ಬಾಯಿಬಿಟ್ಟು ಹೇಳಬೇಕಮ್ಮ."

ಇಸ್ತ್ರಿಯಮ್ಮನ ತುಟಿ ಅಲುಗಿತು, ಶಬ್ದ ಬರಲಿಲ್ಲ. ಜೀವಮಾನವಿಡೀ ಮಾತಿಗೆ ಬರವಿಲ್ಲದವಳು ಒಂದು ಮಾತಿಗಾಗಿ ಅಲ್ಲಿ ನಿಂತು ಒದ್ದಾಡಿದಳು. ನ್ಯಾಯಾಧೀಶರು ಅವಸರ ಮಾಡಲಿಲ್ಲ.

"ಹೌದು ಸ್ವಾಮಿ. ಎಚ್ಚರಿಕೆಯವನು." ಉಸಿರೆಳೆದುಕೊಂಡಳು. "ಒಳ್ಳೆಯವನು. ನನ್ನ ಮಗ ತುಂಬ ಒಳ್ಳೆಯವನು."

ಅದನ್ನೂ ಟೈಪಿಸ್ಟ್ ಬರೆದುಕೊಂಡಳು.

ತೀರ್ಪು ಬಂದದ್ದು ಬಹಳ ದಿನ ಕಳೆದ ಮೇಲೆ. ಕೋರ್ಟಿನ ಹೊರಗೆ ಅದೇ ಬೆಂಚಿನ ಮುಂದೆ ನಿಂತು ಲಾಯರಮ್ಮ ಅವರಿಬ್ಬರಿಗೆ ಅದನ್ನು ಓದಿ ಹೇಳಿದಳು. ಮರಳುಚೀಲ ತೆಗೆದದ್ದು ನಿಜ. ಸಾಲುವಷ್ಟು ಹಗ್ಗ ಕೊಡದಿದ್ದದ್ದು ನಿಜ. ತಪ್ಪು ಪೂರ್ತಿ ಕಂಪನಿಯದು. ಮೃತನು ಅತ್ಯಂತ ಜಾಗರೂಕ ಸ್ವಭಾವದವನು, ಅವನ ಕಡೆಯಿಂದ ಯಾವ ನಿರ್ಲಕ್ಷ್ಯವೂ ಇರಲಿಲ್ಲ. ಇಷ್ಟು ಓದಿ ಪರಿಹಾರದ ಪುಟಕ್ಕೆ ಹೋಗಲು ಲಾಯರಮ್ಮ ಹಾಳೆ ತಿರುಗಿಸಹೋದಾಗ ಇಸ್ತ್ರಿಯಮ್ಮ ತಡೆದಳು.

"ಆ ಕೊನೇದು ಇನ್ನೊಂದ್ಸಲ ಓದಿ ಮೇಡಂ."

ಲಾಯರಮ್ಮ ಓದಿದಳು. ಇಸ್ತ್ರಿಯಮ್ಮ ಬೆಂಚಿನ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅತ್ತಳು. ಮಗ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಓಡಾಡುವವರು ನಿಂತು ನೋಡಿ, ಕೇಸು ಸೋತಿರಬೇಕು ಪಾಪ ಎಂದುಕೊಂಡು ಮುಂದೆ ಹೋದರು.

"ಆ ಜಡ್ಜು ಎಲ್ಲಿಯವನೋ, ನನ್ನ ಮಗನ ಮುಖಾನೂ ನೋಡಿಲ್ಲ. ಅವನು ಹೇಳಿದ. ನಾನು ಹೆತ್ತವಳು, ಒಂದ್ಸಲ ಹೇಳಿದ್ದಿದ್ರೆ ನನ್ನ ಗಂಟೇನು ಹೋಗ್ತಿತ್ತು?"

ಸೊಸೆ ಪಕ್ಕದಲ್ಲಿ ಕೂತು ಆಕೆಯ ಕೈ ಹಿಡಿದುಕೊಂಡಳು. "ಅವರಿಗೆ ಗೊತ್ತಿತ್ತು ಅತ್ತೆ. ನೀವು ಬೈಯದೇ ಇದ್ದ ದಿನ ಒಳಗೆ ಬಂದು ನನ್ನ ಕೇಳ್ತಿದ್ರು, ಅಮ್ಮನಿಗೆ ಮೈ ಹುಷಾರಿಲ್ವಾ ಅಂತ. ನನಗೇ ಅರ್ಥ ಆಗಿರಲಿಲ್ಲ. ಅವರಿಗೆ ಚೆನ್ನಾಗಿ ಗೊತ್ತಿತ್ತು."

ಇಸ್ತ್ರಿಯಮ್ಮ ಕಣ್ಣೊರೆಸಿಕೊಂಡಳು.

"ಗೊತ್ತಿದ್ರೆ ಸಾಲದು ಕಣೇ," ಎಂದಳು ಆಮೇಲೆ. "ಹೇಳಬೇಕಿತ್ತು ನಾನು."